ಕಮಾನಿಗೆ ಎಣ್ಣೆ ಹಚ್ಚಿದವರು

ಕೊಳ್ಳೇಗಾಲದಿಂದ ಎಲ್ಲಿಗೆ ಕಚೇರಿಗೆ ಹೊರಟರೂ ಬಸ್ಸಿನಲ್ಲಿ ನನ್ನ ಪಿಟೀಲಿನ ಪೆಟ್ಟಿಗೆ ಇರುತ್ತಿದ್ದದ್ದು ಮೃದಂಗ ನುಡಿಸುವ ಅಣ್ಣನ ತೊಡೆಯ ಮೇಲೆ. ಒಡಹುಟ್ಟಿದವನೇನಲ್ಲ, ಕರೆದು ರೂಢಿಯಾದ ಅಣ್ಣ. ತನ್ನ ಮೃದಂಗವನ್ನು ಕಾಲಸಂದಿಗೆ ತೂರಿಸಿ, ನನ್ನದನ್ನು ಮಾತ್ರ ಯಾರಿಗೂ ಸೋಕದಂತೆ ತಬ್ಬಿಕೊಂಡು ಕೂರುತ್ತಿದ್ದ.

ಹೋದ ವರ್ಷ ಮಾಂಬಳ್ಳಿಯ ಮನೆಯೊಂದರ ನಿಶ್ಚಿತಾರ್ಥಕ್ಕೆ ಹೊರಟ ದಿನ ನಾನು ಬಾಯಿ ಮುಚ್ಚಿಕೊಂಡಿರಲಾರದೆ, ಹನೂರಿನ ಕಚೇರಿಯಲ್ಲಿ ನಿನ್ನ ಅಬ್ಬರಕ್ಕೆ ನನ್ನ ಪಿಟೀಲೇ ಕೇಳಿಸಲಿಲ್ಲ ಎಂದುಬಿಟ್ಟೆ. ಅಣ್ಣ ನನ್ನ ಪೆಟ್ಟಿಗೆ ತಬ್ಬಿಕೊಂಡೇ ಕಿಟಕಿಯತ್ತ ಮುಖ ತಿರುಗಿಸಿದವನು ಬಸ್ಸಿಳಿಯುವವರೆಗೂ ಇತ್ತ ನೋಡಲಿಲ್ಲ. ಅದು ನನಗೆ ಸರಿಬರಲಿಲ್ಲ.

ಮನೆಯವರು ವಾದ್ಯಗಳನ್ನು ದೇವರ ಕೋಣೆಯಲ್ಲಿ ಇಡಿಸಿ, ಪೆಟ್ಟಿಗೆ ತೆರೆಸಿ ಕುಂಕುಮ ಇಟ್ಟರು. ನಾವು ತಿಂಡಿಗೆ ಕೂತೆವು. ಅಣ್ಣ ನನಗಿಂತ ಮುಂಚೆ ಎದ್ದು, ಬೆರಳು ಬಿರಿದಿವೆ ಎಂದು ಆ ಮನೆಯ ಅಜ್ಜಿಯ ಹತ್ತಿರ ಕೊಬ್ಬರಿ ಎಣ್ಣೆ ಕೇಳಿದ.

ನಾನು ಬಂದು ಕಮಾನು ಎಳೆದರೆ ಸದ್ದೇ ಇಲ್ಲ. ತಂತಿಯ ಮೇಲೆ ಸುಮ್ಮನೆ ಜಾರುತ್ತಿದೆ. ಮೂಸಿದೆ. ಕೊಬ್ಬರಿ ಎಣ್ಣೆ! ರಾಳ ಉಜ್ಜಿ ಒರಟಾಗಿಸಿದ ಕುದುರೆ ಕೂದಲಿಗೆ ಎಣ್ಣೆ ಸೋಕಿದರೆ ಮುಗಿಯಿತು, ಅದು ತಂತಿಯನ್ನು ಹಿಡಿಯುವುದಿಲ್ಲ. ಈ ಸಂಗತಿ ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾನು.

"ಸೇಡು ತೀರುಸ್ಕಂಡ್ಯಾ?" ಎಂದೆ, ನೆಂಟರೆಲ್ಲ ಕೇಳುವಂತೆ.

ಅಣ್ಣ ಕಮಾನು ಮೂಸಿದ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಪ್ಪು ಮಾಡಿದವರು ಇನ್ನೇನು ಮಾಡುತ್ತಾರೆ ಎಂದುಕೊಂಡೆ. ಮೃದಂಗ ಅಲ್ಲೇ ಬಿಟ್ಟು ಹೋದದ್ದರಲ್ಲೂ ನನಗೆ ಏನೋ ಹೂಟ ಕಂಡಿತು.

ಶಾಸ್ತ್ರ ಶುರುವಾಗುವ ಮೊದಲು ಬೆವರುತ್ತಾ ಬಂದ. ಕೈಯಲ್ಲಿ ಯಳಂದೂರಿನ ಮೆಡಿಕಲ್ ಅಂಗಡಿಯ ಸ್ಪಿರಿಟ್ಟು, ಹತ್ತಿ. ಕೂತು ಕಮಾನಿನ ಕೂದಲು ಒರೆಸತೊಡಗಿದ. ಆಗಲೂ ನಾನು ಅವನ ಕೈಯನ್ನೇ ಕಾಯುತ್ತಿದ್ದೆ.

ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಬಂದರು. "ಯಾಕಪ್ಪಾ ಒರುಸ್ತಿದ್ದೀಯೆ? ನಿನ್ ಬೆರ್ಳಿಗೆ ಕೊಟ್ಟು ಮಿಕ್ಕುದ್ನ ನಾನೇ ಅದ್ಕೆ ಸವರ್ದೆ. ಪಾಪ, ಕೂದ್ಲು ಒಣಗಿ ಬೆಳ್ಳಗೆ ಪುಡಿ ಉದುರ್ತಿತ್ತು."

"ಒಳ್ಳೇದೇ ಮಾಡ್ದೆ ಕಣವ್ವ. ವಸಿ ಜಾಸ್ತಿ ಆಯ್ತು, ಅಷ್ಟೆ," ಎಂದ ಅಣ್ಣ.

ಕೂದಲಿಗೆ ಮತ್ತೆ ರಾಳ ಉಜ್ಜಿ ನುಡಿಸಿದೆ; ಆ ದಿನ ನನ್ನ ಪಿಟೀಲು ಚಪ್ಪರದ ಕೊನೆಯವರೆಗೂ ಕೇಳಿಸಿತು. ಅಣ್ಣ ಅಷ್ಟು ಮೆತ್ತಗೆ ನುಡಿಸಿದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ವಾಪಸು ಬರುವಾಗ ತಪ್ಪಾಯಿತು ಎಂದೆ. ಆಗಲಿ ಬಿಡು ಎಂದ. ಬಸ್ಸು ತುಂಬಿತ್ತು. ರೂಢಿಯಂತೆ ಪೆಟ್ಟಿಗೆಯನ್ನು ಅವನ ತೊಡೆಯ ಮೇಲೆ ಇಡಹೋದೆ. ಅಣ್ಣ ಎರಡೂ ಕೈ ಮೇಲೆತ್ತಿದ.

"ಬ್ಯಾಡ ತಂಗೀ. ನಿಂದ ನೀನೇ ಮಡಿಕ್ಕೊ."