ಹಿಪ್ಪುನೇರಳೆ ಮರದ ಕೆಳಗಿನ ಹಗ್ಗ

ಆ ವಸತಿಗೃಹದ ಹಾಸಿಗೆ ಬಟ್ಟೆಗಳನ್ನು ಇಪ್ಪತ್ತೆಂಟು ವರ್ಷಗಳಿಂದ ಒಗೆಯುತ್ತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಿತ್ತಿಲೋ ಅಂಗೈ ಅಗಲ. ಅಲ್ಲಿದ್ದ ಒಂದೇ ಹಿಪ್ಪುನೇರಳೆ ಮರದ ಕೆಳಗೇ ಬಟ್ಟೆಯ ಹಗ್ಗ. ಗಂಡ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟಕ್ಕೆ ಅವಳ ಜೊತೆಗಿದ್ದದ್ದು ಆ ಮರ, ಅದರ ಮೈನಾ, ಪಿಕಳಾರ ಹಕ್ಕಿಗಳು.

ಹೊಸ ಮೇನೇಜರು ಬಂದ ತಿಂಗಳಲ್ಲೇ ಬಿಳಿ ಬಟ್ಟೆಗಳ ಮೇಲೆಲ್ಲ ಹಿಕ್ಕೆಯ ನೇರಳೆ ಕಲೆ. ಮರ ಕಡಿಸುತ್ತೇನೆಂದರು.

“ನೀವು ಏಳಕ್ಕೇ ಹರವು ಅಂದ್ರಿ, ಸಾರ್. ಹಕ್ಕಿಗಳು ಹಸಿದು ಬರೋ ಹೊತ್ತು ಅದು. ಹತ್ತರವರೆಗೆ ಒಂದೇ ಸಮ ಹಣ್ಣು ತಿಂತವೆ. ಬಿಸಿಲೇರಿದ್ರೆ ಗೋಡೆಯಾಚೆ ಪೊದೆ ಸೇರಿ ಗಪ್‌ಚಿಪ್. ನಾಲ್ಕಕ್ಕೆ ಮತ್ತೆ ಹಾಜರ್. ಆ ನಡುವೆ ಒಣಗಿಸ್ಕೋತೀನಿ, ಮೊದಲೂ ಹಾಗೇ ಮಾಡ್ತಿದ್ದದ್ದು.”

“ಒಂದು ವಾರ ನೋಡ್ತೀನಿ. ಒಂದೇ ಒಂದು ಕಲೆ ಕಂಡ್ರೂ ಗರಗಸ ತರಿಸ್ತೀನಿ.”

ಐದು ದಿನ ಬಟ್ಟೆಗಳು ಹಾಲಿನಂತೆ ಬಂದವು. ಆರನೆಯ ದಿನ, ಹರವಿ ಅರ್ಧ ಗಂಟೆಯಾಗಿರಲಿಲ್ಲ, ಮೋಡ ಕವಿಯಿತು. ತಂಪಾದೊಡನೆ ಪೊದೆಯಿಂದೆದ್ದ ಮೈನಾ ಒಂದು ಕೊಂಬೆಯ ಮೇಲೆ ಬಂದು ಕುಳಿತಿತು. ಎರಡನೆಯದು ಬರುವುದರೊಳಗೆ ದೊಡ್ಡಕ್ಕ ಬಟ್ಟೆಯನ್ನೆಲ್ಲ ಬಾಚಿ ತಬ್ಬಿಕೊಂಡು ಇಸ್ತ್ರಿ ಕೋಣೆಗೆ ಓಡಿದಳು.

ಅಲ್ಲಿ ಇಸ್ತ್ರಿ ಹಾಕುತ್ತಿದ್ದವನು ಅವಳ ಮೈದುನ. “ಏನು ಅತ್ತಿಗೆ, ನಿಮ್ಮ ಹಕ್ಕಿಗಳಿಗೆ ಇವತ್ತು ಓವರ್‌ಟೈಮಾ?”

“ತಂಪಿದ್ರೆ ಅವಕ್ಕೆ ಮಧ್ಯಾಹ್ನ ನಿದ್ದೆ ಬರಲ್ಲಪ್ಪ. ನಿನ್ನ ಹಾಗಲ್ಲ.”

ಅಷ್ಟರಲ್ಲಿ ಮೇನೇಜರು ಬಂದು ಹಸಿ ಬಟ್ಟೆಯ ರಾಶಿ ನೋಡಿದರು. ಮುಖ ಗಂಟಾಯಿತು.

“ಸಂಜೆ ಹತ್ತು ರೂಮಿಗೆ ಜನ ಬರ್ತಾರೆ, ದೊಡ್ಡಕ್ಕ.”

“ಮೋಡದ ದಿನದ ವಿಷಯ ಹೇಳೋಕೆ ಮರೆತೆ, ಸಾರ್. ತಪ್ಪು ನಂದೇ. ಒಂದ್ನಿಮಿಷ ಬಂದು ನೋಡಿ.”

ಇಬ್ಬರೂ ಹಿತ್ತಿಲ ಬಾಗಿಲಲ್ಲಿ ನಿಂತರು. ಮರದ ತುಂಬ ಗಲಾಟೆ. ಖಾಲಿ ಹಗ್ಗದ ಕೆಳಗಿನ ಚಪ್ಪಡಿಯ ಮೇಲೆ ಟಪ್, ಟಪ್ ಎಂದು ನೇರಳೆ ಹನಿಗಳು ಬೀಳುತ್ತಿದ್ದವು. ಮೇನೇಜರು ಒಂಬತ್ತರವರೆಗೆ ಎಣಿಸಿ ಬಿಟ್ಟುಬಿಟ್ಟರು.

“ಇಷ್ಟೂ ಬಟ್ಟೆ ಮೇಲೆ ಬೀಳ್ತಿತ್ತಾ?”

“ಹೂಂ.”

ಅವರು ಮಹಡಿಯತ್ತ ಕೈ ತೋರಿಸಿದರು. “ಇಂಥ ದಿನಕ್ಕೆ ಮಹಡಿಯ ಪಡಸಾಲೆಯಲ್ಲೊಂದು ಹಗ್ಗ ಕಟ್ಟಿಸ್ತೀನಿ. ಮರ ಇರಲಿ ಬಿಡಿ. ಇವತ್ತಿನದನ್ನ ಇಸ್ತ್ರಿಯಲ್ಲೇ ಒಣಗಿಸೋಕೆ ಹೇಳಿ.”

ಒಳಗಿನಿಂದ ಮೈದುನ ಗೊಣಗಿದ್ದು ಕೇಳಿಸಿತು. ದೊಡ್ಡಕ್ಕ ಹಳೆಯ ಟವೆಲ್ಲೊಂದನ್ನು ತಲೆಗೆ ಹೊದ್ದು, ಊಟದ ಡಬ್ಬಿ ಹಿಡಿದು, ಮರದ ಬುಡಕ್ಕೆ ಹೋಗಿ ಕುಳಿತಳು.