ನೆಲಕ್ಕಿಡದ ಎದೆಪಟ್ಟಿ

ನನ್ನ ಮಗಳ ನಾಡಿ ಎಷ್ಟು ನಿಧಾನವೆಂದರೆ, ಎರಡು ಬಡಿತಗಳ ನಡುವೆ ‘ಓಂ ನಮಃ ಶಿವಾಯ’ ಪೂರ್ತಿ ಹೇಳಿ ಮುಗಿಸಬಹುದು. ಐದು ಸಾವಿರ ಮೀಟರ್ ಓಡುವವಳು. ಓಡಿ ಓಡಿ ಹೃದಯ ದೊಡ್ಡದಾಗಿದೆ, ಕಡಿಮೆ ಬಡಿತದಲ್ಲೇ ಮೈಗೆಲ್ಲ ರಕ್ತ ಕಳಿಸುತ್ತದೆ, ಇದು ರೋಗವಲ್ಲ ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಆದರೂ ಅವಳು ಮಲಗಿದ್ದಾಗ ಮುಂಗೈ ಹಿಡಿದರೆ ನನಗೆ ಹೆದರಿಕೆಯೇ.

ಆ ಡಾಕ್ಟರ್ ಬಾಯಿ ಬೀದರ ಕಡೆಯ ಹೆಣ್ಣುಮಗಳು. ಓಟಗಾರರ ಹೃದಯದ ಮೇಲೆ ಅವರ ಸಂಶೋಧನೆ. ಗಡಿಯಾಚೆಯ ನಮ್ಮೂರು ಉದಗೀರದ ಮೈದಾನದಲ್ಲಿ ಓಡುವ ಹುಡುಗಿಯರಿಗೆಲ್ಲ ಒಂದೊಂದು ಎದೆಪಟ್ಟಿ ಕೊಟ್ಟಿದ್ದರು. ರಬ್ಬರಿನ ಪಟ್ಟಿ, ನಡುವೆ ಗುಂಡಿಯಂಥ ಯಂತ್ರ. ಪ್ರತಿ ಬಡಿತವನ್ನೂ ಅದು ತನ್ನೊಳಗೆ ಬರೆದುಕೊಳ್ಳುತ್ತದಂತೆ. ಸ್ನಾನಕ್ಕೆ ಬಿಟ್ಟರೆ ಮೂರು ದಿನ ಬಿಚ್ಚುವಂತಿಲ್ಲ.

ನಮ್ಮ ಹುಡುಗಿ ಮೊದಲ ಮಧ್ಯಾಹ್ನವೇ ಬಿಚ್ಚಿ ನೆಲಕ್ಕೆ ಒಗೆದಳು.

“ಭಾಳ ಕಡೀಲತ್ತದವ್ವಾ. ಎರಡು ತಾಸು ಮಲಗಿ, ಎದ್ದು ಕಟ್ಕೋತೀನಿ. ಯಾರಿಗೂ ಹೇಳಬ್ಯಾಡ.”

“ಎದೀ ಮ್ಯಾಲಿಂದು ಹಿಂಗ ನೆಲಕ್ಕ ಒಗೀತಾರೇನ?”

“ಅದೇನ್ ಲಿಂಗ ಏನವ್ವಾ? ರಬ್ಬರದು!” ನಕ್ಕು ಗೋಡೆಯ ಕಡೆ ತಿರುಗಿದಳು.

ನಮ್ಮಲ್ಲಿ ಇಷ್ಟಲಿಂಗ ಮೈಬಿಟ್ಟು ಇರಬಾರದು. ಮಣ್ಣಿಗೆ ಹೋಗುವಾಗಲೂ ಜೊತೆಗೇ. ಜೀವದ ಬಡಿತ ಬರೆಯುವ ವಸ್ತು ಹಾಗೆ ಮೈಯಿಲ್ಲದೆ ಬಿದ್ದಿರುವುದು ನನಗೆ ಸರಿಬರಲಿಲ್ಲ. ಕುಪ್ಪಸದೊಳಗೆ, ನನ್ನ ಲಿಂಗದ ಬೆಳ್ಳಿಯ ಕರಡಿಗೆಯ ಕೆಳಗೆ ಕಟ್ಟಿಕೊಂಡು ಜಪಕ್ಕೆ ಕೂತೆ. ಅವಳು ಏಳುವ ಮೊದಲು ಬಿಚ್ಚಿ ದಿಂಬಿನ ಪಕ್ಕ ಇಟ್ಟೆ. ಹೇಳಿದರೆ ನಗುತ್ತಾಳೆ ಎಂದು ಹೇಳಲಿಲ್ಲ. ಮೂರು ದಿನವೂ ಹೀಗೆಯೇ.

ಆ ಹೊತ್ತಿನ ಜಪದ ಬಗ್ಗೆ ಒಂದು ಮಾತು ಹೇಳಬೇಕು. ವರ್ಷದಿಂದೀಚೆ ಕಣ್ಣು ಮುಚ್ಚಿ ಕೂತರೆ ಒಮ್ಮೊಮ್ಮೆ ಫ್ಯಾನಿನ ಸದ್ದು, ಬೀದಿಯ ರಿಕ್ಷಾದ ಸದ್ದು ಎಲ್ಲಾ ದೂರ ಸರಿಯುತ್ತಿತ್ತು. ನನ್ನ ಬಾಯಿಯ ಮಂತ್ರವೂ ನಿಲ್ಲುತ್ತಿತ್ತು. ಬಾವಿಯ ತಳದಲ್ಲಿ ಕೂತಂಥ ತಣ್ಣನೆಯ ಕತ್ತಲೆ. ಆಮೇಲೆ ಸದ್ದೆಲ್ಲ ಧೊಪ್ಪನೆ ವಾಪಸ್ಸು. ಶಿವ ಹತ್ತಿರ ಬಂದು ಹೋದ ಎಂದುಕೊಂಡಿದ್ದೆ. ಯಜಮಾನರಿಗೂ ಹೇಳಿರಲಿಲ್ಲ, ಹೇಳಿದರೆ ಬರುವುದು ನಿಂತೀತು ಎಂಬ ಅಂಜಿಕೆ.

ಪಟ್ಟಿ ವಾಪಸ್ಸು ಕೊಟ್ಟು ವಾರ ಕಳೆದ ಮೇಲೆ ಮಗಳು ಮೈದಾನದಿಂದ ಬೇಗ ಬಂದಳು. ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂತಳು.

“ಓಡಬ್ಯಾಡ ಅಂದಾರವ್ವಾ. ಮಲಗಿದಾಗ ನನ್ನ ಎದಿ ನಿಲ್ಲತದಂತ.”

ರಾಜ್ಯದ ತಂಡದ ಆಯ್ಕೆಗೆ ಹದಿನೈದು ದಿನವಿತ್ತು. ಆರು ವರ್ಷ ನಸುಕಿನಲ್ಲಿ ನಿಲಂಗಾ ರಸ್ತೆ ತುಳಿದವಳು. ಅಂದಿನಿಂದ ಮಲಗಲಿಕ್ಕೇ ಅಂಜಿದಳು. ಮಧ್ಯಾಹ್ನ ಕಣ್ಣು ಕೂಡಿದರೆ ನಾನು ಮುಂಗೈ ಹಿಡಿದು ಕೂರುತ್ತಿದ್ದೆ. ಬಡಿತ. ಓಂ ನಮಃ ಶಿವಾಯ. ಬಡಿತ. ಒಂದು ಸಲವೂ ತಪ್ಪಲಿಲ್ಲ. ತಪ್ಪದೇ ಇರುವುದೇ ಹೆಚ್ಚು ಹೆದರಿಸುತ್ತಿತ್ತು. ಎಲ್ಲೋ ಅಡಗಿ ಕೂತಿದೆ, ನಾನು ಕೈ ಬಿಡುವುದನ್ನೇ ಕಾಯುತ್ತಿದೆ ಎಂದು.

ನಾಲ್ಕನೆಯ ದಿನ ನಾನೂ ಅವಳ ಜೊತೆ ಹೋದೆ. ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಡಾಕ್ಟರ್ ಬಾಯಿ ಉದ್ದನೆಯ ಕಾಗದ ಮೇಜಿನ ಮೇಲೆ ಹಾಸಿದರು. ಗುಡ್ಡ, ಗುಡ್ಡ, ಗುಡ್ಡ. ಮತ್ತೆ ಏನೂ ಇಲ್ಲದ ಸಪಾಟು ಗೆರೆ.

“ನೋಡ್ರಿ ಕಾಕು. ಮೂರೂ ದಿನ, ಮಧ್ಯಾಹ್ನ ಎರಡರಿಂದ ನಾಕರೊಳಗ. ಮಲಗಿದಾಗ ಇಳೀಬೇಕಾದ ಬಡಿತ ಏರ್ಲತ್ತದ. ಆಮ್ಯಾಲ ಇಲ್ಲಿ, ನಾಕು ಸೆಕೆಂಡು, ನಿಂತೇ ಬಿಟ್ಟದ.”

ಗೆರೆಯ ಮೇಲೆ ಬೆರಳಿಟ್ಟೆ. ಫ್ಯಾನಿನ ಸದ್ದು ಸರಿಯುವುದು ಇಲ್ಲಿ. ಮಂತ್ರ ನಿಲ್ಲುವುದು ಇಲ್ಲಿ. ಧೊಪ್ಪನೆ ವಾಪಸ್ಸು ಬರುವುದು ಇಲ್ಲಿ. ನನ್ನ ಬಾವಿಯನ್ನು ಯಾರೋ ಕಾಗದದ ಮೇಲೆ ಬರೆದಿಟ್ಟಿದ್ದರು.

“ಇದು ಆಕೀದಲ್ಲರಿ, ಡಾಕ್ಟರ್ ಬಾಯಿ. ನಂದು.”

ಅವರು ಮೆಲ್ಲಗೆ ನನ್ನ ಕೈ ಹಿಡಿದರು. “ಮಕ್ಕಳ ಜಡ್ಡು ತಾಯಿ ತಗೋಳಕ್ಕ ಬರಲ್ಲರಿ ಕಾಕು.”

“ಹರಕಿ ಹೊತ್ತು ಹೇಳಲತ್ತಿಲ್ಲರಿ. ಪಟ್ಟಿ ನಾ ಕಟ್ಟಿಕೊಂಡಿದ್ದೆ. ನನಗ ಕಟ್ಟಿ ನೋಡ್ರಿ.”

ಮಗಳು ನನ್ನನ್ನೇ ನೋಡಿದಳು. “ಹೌದು ಮೇಡಮ್, ಮಧ್ಯಾಹ್ನ ನಾ ಬಿಚ್ಚಿಡ್ತಿದ್ದೆ,” ಎಂದವಳೇ ನನ್ನ ಕಡೆ ತಿರುಗಿದಳು. “ಅವ್ವಾ, ನೀ ಯಾಕ ಕಟ್ಕೊಂಡಿ?”

“ನೆಲಕ್ಕ ಇಡಬಾರದಂತ.”

ಮರುದಿನದವರೆಗೆ ನನಗೆ ಕಟ್ಟಿದರು. ಅದೇ ಗುಡ್ಡಗಳು, ಅದೇ ಸಪಾಟು ಗೆರೆ.

ಮಗಳು ಆಯ್ಕೆಗೆ ಓಡಿದಳು, ತಂಡ ಸೇರಿದಳು. ನನಗೆ ಹೆಗಲ ಕೆಳಗೆ ಒಂದು ಸಣ್ಣ ಯಂತ್ರ ಕೂರಿಸಿದ್ದಾರೆ. ಎದೆ ನಿಲ್ಲಹೊರಟರೆ ಅದು ತಟ್ಟಿ ನಡೆಸುತ್ತದೆ. ಪಟ್ಟಿಯಿಂದ ಅವಳಿಗೆ ಕಡಿತ ಬಂದದ್ದು ಶಿವನ ದಯೆ. ನಾಲ್ಕೇ ಸೆಕೆಂಡಿಗೆ ನನ್ನನ್ನು ವಾಪಸ್ಸು ಕಳಿಸಿದ್ದು ಇನ್ನೊಂದು ದಯೆ.

ಈಗ ಜಪಕ್ಕೆ ಕೂತರೆ ಫ್ಯಾನಿನ ಸದ್ದು ನಿಲ್ಲುವುದೇ ಇಲ್ಲ. ಆ ಕಾಗದವನ್ನು ಕೇಳಿ ತಂದು ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಮಗಳು ತೆಗಿ ಅನ್ನುತ್ತಾಳೆ. ದಿನಾ ಅದಕ್ಕೂ ಒಂದು ಎಳೆ ವಿಭೂತಿ ಹಚ್ಚುತ್ತೇನೆ, ಆ ಸಪಾಟು ಗೆರೆಯನ್ನು ಮುಟ್ಟದೆ.