ಹೋಗು, ಹಾಲು ನಾನು ಕರೀತೀನಿ

ಬೆಳಗಿನ ಐದು ಗಂಟೆ. ಹೊರಗೆ ಮೊಣಕಾಲುದ್ದ ಹಿಮ, ಕೊಟ್ಟಿಗೆಯೊಳಗೆ ದನಗಳ ಉಸಿರಿನ ಬಿಸಿ. ಇರ್ಯಾ ಹುಕ್ಕನೆನ್ ತಲೆಗೆ ವಸ್ತ್ರ ಬಿಗಿದುಕೊಂಡು, ಬಿಸಿನೀರಿನ ಬಟ್ಟೆಯಿಂದ ಒಂದೊಂದೇ ಹಸುವಿನ ಕೆಚ್ಚಲು ಒರೆಸುತ್ತ ಬರುತ್ತಿದ್ದಾರೆ. "ಸ್ವಲ್ಪ ಸರಿಯೇ ಮಾರಾಯ್ತಿ, ಪಟ್ಟದ ರಾಣಿ ಥರ ಅಡ್ಡ ನಿಂತ್ರೆ ಹೆಂಗೆ?" ಎಂದು ಹೆಲುನಾ ಎಂಬ ಕೆಂದ ಹಸುವಿನ ಬೆನ್ನು ತಟ್ಟುತ್ತಾರೆ. ಹೆಲುನಾ ಜಗ್ಗುವುದಿಲ್ಲ. ಕೊನೆಗೆ ಇರ್ಯಾ ಅವರೇ ಸುತ್ತಿ ಹೋಗುತ್ತಾರೆ.

ಕೊಟ್ಟಿಗೆ ತೈನಾ ಎಂಬಾಕೆಯದು. ಇರ್ಯಾ ಇಲ್ಲಿ ಬದಲಿ ಕೆಲಸದವರು. ಸಾವೋ ಸೀಮೆಯ ಹೈನುಗಾರರಿಗೆ ಕಾಯಿಲೆಯಾದಾಗ, ನೆಂಟರ ಮದುವೆ ಬಂದಾಗ, ವರ್ಷದ ರಜೆ ಸಿಕ್ಕಾಗ ಪುರಸಭೆ ಇವರನ್ನು ಕಳುಹಿಸುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆಯಬೇಕು. ನಡುವೆ ಮೇವು, ಸಗಣಿ, ಕರುಗಳ ಆರೈಕೆ. ಮೂವತ್ತು ವರ್ಷದಿಂದ ಇದೇ ಬದುಕು. ಊರಿನವರ ಬಾಯಲ್ಲಿ ಅವರು 'ರಜೆಯಮ್ಮ'. "ನನ್ ಮನೇಲಿ ಒಂದು ಬೆಕ್ಕೂ ಇಲ್ಲ. ಊರ ದನ ಎಲ್ಲಾ ನಂದೇ ಅಲ್ವಾ, ಬೆಕ್ಕು ಯಾಕೆ?" ಎಂದು ನಗುತ್ತಾರೆ.

ಇರ್ಯಾ ಹುಟ್ಟಿದ್ದೂ ದನಗಳ ಮನೆಯಲ್ಲೇ. ಶನಿವಾರ ಬಂತೆಂದರೆ ಅಪ್ಪ ಕುಡಿಯುತ್ತಿದ್ದ, ಕುಡಿದರೆ ಅಮ್ಮನಿಗೆ ಹೊಡೆಯುತ್ತಿದ್ದ. ಬಿಟ್ಟು ಹೋಗು ಎಂದು ನೆರೆಯಾಕೆ ಹೇಳಿದಾಗಲೆಲ್ಲ ಅಮ್ಮನ ಉತ್ತರ ಒಂದೇ: "ನಾನು ಹೋದ್ರೆ ಹಸು ಯಾರು ಕರೀತಾರೆ?" ಆಗ ಬದಲಿ ಕೆಲಸದವರು ಎಂಬ ಏರ್ಪಾಡೇ ಇರಲಿಲ್ಲ. "ಅಮ್ಮ ಕೊನೇವರ್ಗೂ ಹೋಗ್ಲಿಲ್ಲ. ನಂಗೆ ದನಗಳ ಮೇಲೇ ಸಿಟ್ಟಿತ್ತು. ಪಾಪ, ಅವೇನ್ ಮಾಡಿದ್ವು?"

ಒಂಬತ್ತು ವರ್ಷದ ಹಿಂದೆ, ಒಂದು ಜುಲೈನಲ್ಲಿ, ಇರ್ಯಾ ಮೊದಲ ಸಲ ಈ ಕೊಟ್ಟಿಗೆಗೆ ಬಂದರು. ತೈನಾಳ ಮುಂಗೈಗೆ ಪಟ್ಟಿ ಬಿಗಿದಿತ್ತು. ಏನಾಯಿತೆಂದು ಕೇಳಿದರೆ "ಹಿಮದ ಮೇಲೆ ಜಾರಿದೆ" ಎಂದಳು. "ಜುಲೈ ತಿಂಗಳು ಕಣ್ರೀ! ಸೊಳ್ಳೆ ಕಚ್ಚಿ ಸಾಯ್ತಿದ್ವಿ, ಇವ್ಳು ಹಿಮ ಅಂತಾಳೆ" ಎನ್ನುವಾಗ ಇರ್ಯಾರ ಮುಖದಲ್ಲಿ ನಗು ಮೂಡಿ ಅಲ್ಲೇ ಆರುತ್ತದೆ.

ಸಾವೋದವರು ಯಾವುದನ್ನೂ ನೇರವಾಗಿ ಕೇಳುವವರಲ್ಲ. "ಮನೆಗೆ ಬೆಂಕಿ ಬಿದ್ರೂ ಮೊದ್ಲು ಮಳೆ ಬಿಸ್ಲಿನ ಮಾತಾಡ್ತೀವಿ." ಇರ್ಯಾ ಕೂಡ ಸುಮ್ಮನಿದ್ದರು. ಆದರೆ ತೈನಾಳ ಗಂಡ ರೈಮೊನ ಬೂಟಿನ ಸದ್ದು ಕೇಳಿದರೆ ಸಾಕು, ಹಸುಗಳು ತಲೆ ಎತ್ತುತ್ತಿದ್ದವು. ಕೆಚ್ಚಲು ತುಂಬಿದ್ದರೂ ಹಾಲು ಬಿಡುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಇರ್ಯಾಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ, ಕರೆಯುವ ಯಂತ್ರದ ಗದ್ದಲದ ನಡುವೆ ಕೇಳಿಯೇಬಿಟ್ಟರು: "ರೈಮೊ ಹೊಡೀತಾನಾ?"

ತೈನಾ ನೆಲ ನೋಡುತ್ತ, "ನಾನು ಹೋಗ್ಬಿಟ್ರೆ ಇವುಗಳ ಹಾಲು ಯಾರು ಕರೀತಾರೆ ಅಕ್ಕಾ?" ಎಂದಳು.

ಅಮ್ಮನದೇ ಮಾತು. ಇರ್ಯಾರ ಕೈ ಅಲ್ಲೇ ನಿಂತಿತು. "ಮತ್ತೆ ನಾನ್ಯಾಕೆ ಇರೋದು? ಹೋಗು, ಹಾಲು ನಾನು ಕರೀತೀನಿ."

ಅಷ್ಟರಲ್ಲಿ ಹಾಲಿನ ಲಾರಿ ಅಂಗಳಕ್ಕೆ ಬಂತು. ಚಾಲಕ ಕಾಲೆವಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇವಳನ್ನು ಪೇಟೆಯ ಹೆಂಗಸರ ಆಶ್ರಯಮನೆಗೆ ಮುಟ್ಟಿಸು ಎಂದು ಇರ್ಯಾ ಹೇಳಿದರೆ, ಆತ ಒಂದು ಪ್ರಶ್ನೆಯನ್ನೂ ಕೇಳದೆ ಪಕ್ಕದ ಸೀಟಿನಿಂದ ತನ್ನ ಬುತ್ತಿ ತೆಗೆದಿಟ್ಟ. ತೈನಾ ಮೆಟ್ಟಿಲ ಬಳಿ ಹಿಂಜರಿದಳು. "ಬೂಟೆಲ್ಲಾ ಸಗಣಿ..."

"ಲಾರಿನೂ ಕೊಳೆನೇ. ಹತ್ತಮ್ಮ" ಎಂದ ಕಾಲೆವಿ.

ರೈಮೊ ಎದ್ದು ಬಂದದ್ದು ಆಮೇಲೆ. "ಎಲ್ಲಿ ಅವ್ಳು?" "ಇಲ್ಲ. ಹಾಲು ಕರೆದಾಗಿದೆ" ಎಂದರು ಇರ್ಯಾ. ಆತ ಹುಲ್ಲಿನ ಕವೆಗೋಲು ಕೈಗೆತ್ತಿಕೊಂಡ. ಇರ್ಯಾ ಹಿಂದೆ ಸರಿದು ಎರಡು ಹಸುಗಳ ನಡುವೆ ನಿಂತರು. ಒದೆಯುವ ಹಸುಗಳು. ಅವುಗಳ ನಡುವೆ ನುಗ್ಗಲು ಆತನಿಗೆ ಎದೆ ಸಾಲಲಿಲ್ಲ. "ಧೈರ್ಯ ಗೀರ್ಯ ಅಂತ ಬರೀಬೇಡಿ. ಹಸುವಿನ ಹೊಟ್ಟೆಗೆ ಆತ್ಕೊಂಡಿದ್ದಕ್ಕೆ ಬೀಳ್ಲಿಲ್ಲ, ಅಷ್ಟೇ." ಕಾಲೆವಿ ದಾರಿಯಲ್ಲೇ ಫೋನ್ ಮಾಡಿದ್ದರಿಂದ ಪೊಲೀಸರು ಬಂದರು. ಆ ದಿನದ ಮಟ್ಟಿಗೆ ಆತ ಬಹುಶಃ ಅತಿ ಹೆಚ್ಚು ಮಾತಾಡಿದ್ದು ಆ ಫೋನಿನಲ್ಲೇ.

ಊರು ಸುಮ್ಮನಿರಲಿಲ್ಲ. ರೈಮೊನ ಅಣ್ಣತಮ್ಮಂದಿರು ಅಂಗಡಿಯಲ್ಲಿ ಕಂಡರೆ ಮುಖ ತಿರುಗಿಸಿದರು. ಯಾರೋ ಇರ್ಯಾರ ಕಾರಿನ ಟೈರು ಸೀಳಿದರು. ಮೇಲಧಿಕಾರಿ ಕರೆಸಿ, "ನಿಮ್ಮ ಕೆಲಸ ಹಾಲು ಕರೆಯೋದು, ಸಂಸಾರ ಒಡೆಯೋದಲ್ಲ" ಎಂದ. "ಕರೆದಿದೀನಲ್ಲ ಸ್ವಾಮಿ, ಒಂದು ತೊಟ್ಟೂ ಬಿಡ್ದೆ" ಎಂದು ಎದ್ದು ಬಂದರು. ಜೊತೆಯ ಕೆಲಸಗಾರ್ತಿಯರು ಸರದಿಯಲ್ಲಿ ಬಂದು ತೈನಾಳ ದನ ಕಾಪಾಡಿದರು. ಹೊಲಮನೆ ತೈನಾಳ ತಂದೆಯಿಂದ ಬಂದದ್ದು. ಚಳಿಗಾಲದ ಹೊತ್ತಿಗೆ ರೈಮೊ ಅತ್ತ ಸುಳಿಯಬಾರದೆಂದು ನ್ಯಾಯಾಲಯ ಹೇಳಿತು, ತೈನಾ ಮರಳಿದಳು. "ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ ಕಣ್ರೀ. ನೇರ ದನಗಳ ಹತ್ರ ಹೋಗಿ ಕೂತ್ಕೊಂಡ್ಲು!"

ಈಗ ಹೊಸ ಬದಲಿ ಕೆಲಸಗಾರರಿಗೆ ಇರ್ಯಾ ಪಾಠ ಹೇಳುತ್ತಾರೆ. ಹಾಲಿನ ಕೋಣೆಗಳ ಗೋಡೆಗೆ ಹೆಂಗಸರ ಸಹಾಯವಾಣಿಯ ಸಂಖ್ಯೆ ಅಂಟಿಸುತ್ತಾರೆ. "ಅಡುಗೆಮನೇಲಿ ಕೇಳ್ಬೇಡಿ, ಅಲ್ಲಿ ಗಂಡ ಇರ್ತಾನೆ. ಕೊಟ್ಟಿಗೇಲಿ ಕೇಳಿ. ಕೇಳಿದ್ಮೇಲೆ ಬಾಯ್ಮುಚ್ಕೊಂಡು ಕಾಯಿರಿ." ಹಾಗೆ ಕೇಳಿದರೆ ಆ ಹೆಂಗಸರಿಗೆ ಬೇಜಾರಾದರೆ ಎಂದು ಹೊಸಬಳೊಬ್ಬಳು ಅಳುಕಿದಾಗ ಇರ್ಯಾ ಅಂದರಂತೆ: "ಆಗ್ಲಿ ಬಿಡು. ನನ್ಮೇಲೂ ಎಷ್ಟೋ ಜನ ಬೇಜಾರು ಮಾಡ್ಕೊಂಡ್ರು. ಆಮೇಲೆ ಅವ್ರೇ ಕಾಫಿ ಕೊಟ್ರು."

ಕೆಲಸ ಮುಗಿಯುವ ಹೊತ್ತಿಗೆ ತೈನಾ ಕಾಫಿ ಹೂಜಿ, ಏಲಕ್ಕಿ ಬನ್ನು ಹಿಡಿದು ಬರುತ್ತಾಳೆ. "ರಜೆ ದಿನ ಕೊಟ್ಟಿಗೆಗೆ ಕಾಲಿಡ್ಬೇಡ ಅಂದಿಲ್ವಾ ನಿಂಗೆ?" ಎಂದು ಇರ್ಯಾ ಗದರಿಸಿ, ಬನ್ನಿಗೆ ಕೈ ಚಾಚುತ್ತಾರೆ. ಮುಂದಿನ ತಿಂಗಳು ತೈನಾ ತಂಗಿಯ ಜೊತೆ ಒಂದು ವಾರ ಕಡಲ ತೀರಕ್ಕೆ ಹೋಗುತ್ತಿದ್ದಾಳೆ. ಬದುಕಿನಲ್ಲಿ ಮೊದಲ ಪ್ರವಾಸ. ದಿನಾ ಸಂಜೆ ಫೋನ್ ಮಾಡುತ್ತೇನೆ ಎಂಬುದು ಅವಳ ಮಾತು.

"ಬೇಡ" ಎನ್ನುತ್ತಾರೆ ಇರ್ಯಾ, ಬಟ್ಟಲಿನಿಂದ ಮುಖ ಎತ್ತದೆ. "ನಂಗಿರೋದು ಒಂದೇ ಆಸೆ. ಆ ವಾರ ಪೂರ್ತಿ ನೀನು ಈ ದನಗಳನ್ನೂ ಮರೀಬೇಕು, ನನ್ನನ್ನೂ ಮರೀಬೇಕು."